ವಿದೇಶದಿಂದ ಅತಿಥಿ ಬರುವವರಿದ್ದಾರೆಯೇ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರು ಪದೇ ಪದೇ ಕೇಳುವ ವೀಸಾ ಪ್ರಶ್ನೆಗಳು

ಮಗನ ಆಫೀಸಿನ ಗೆಳೆಯರು ಮದುವೆಗೆ ಬರುತ್ತಾರೆ, ಜರ್ಮನಿಯ ಸೊಸೆ ಮೊದಲ ಸಲ ಗದಗಿಗೆ ಬರುತ್ತಾಳೆ, ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯಲು ಫ್ರಾನ್ಸಿನಿಂದ ಒಬ್ಬರು ಬರುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವವರು ಅವರೇ, ನಿಜ. ಆದರೆ ಅರ್ಜಿಯಲ್ಲಿ ಬರೆಯುವ ಭಾರತದ ವಿಳಾಸ ಮತ್ತು ಫೋನ್ ನಂಬರ್ ನಿಮ್ಮದು. ಅವರು ಮನೆ ಹೊಸ್ತಿಲು ದಾಟಿದ 24 ತಾಸಿನೊಳಗೆ ಸರಕಾರಕ್ಕೆ ತಿಳಿಸಬೇಕಾದವರೂ ನೀವೇ. ಹೆಚ್ಚಿನ ತೊಡಕು ಏಳುವುದು ಈ ಕಡೆಯ ಕೆಲಸದಲ್ಲಿ. ಅದಕ್ಕೆ ಇಲ್ಲಿ ಅತಿಥಿಗಿಂತ ಆತಿಥ್ಯ ಮಾಡುವವರನ್ನು ಮುಂದಿಟ್ಟುಕೊಂಡು ಬರೆದಿದ್ದೇವೆ.

ಭಾರತಕ್ಕೆ ಬರಲು ಎಲ್ಲ ವಿದೇಶಿಯರಿಗೂ ವೀಸಾ ಬೇಕೇ?

ಹೆಚ್ಚುಕಡಿಮೆ ಎಲ್ಲರಿಗೂ ಬೇಕು. ನೇಪಾಳ, ಭೂತಾನದ ಪ್ರಜೆಗಳು ಸಾಮಾನ್ಯವಾಗಿ ವೀಸಾ ಇಲ್ಲದೆ ಬರಬಹುದು. ಮಾಲ್ಡೀವ್ಸ್‌ನವರು ಪ್ರವಾಸಕ್ಕೆ ಬಂದರೆ 90 ದಿನ ವೀಸಾ ಬೇಡ. ಒಸಿಐ, ಅಂದರೆ ಭಾರತದ ಸಾಗರೋತ್ತರ ನಾಗರಿಕ ಕಾರ್ಡ್ ಇದ್ದವರಿಗೆ ಆ ಕಾರ್ಡೇ ಆಜೀವ ವೀಸಾ ಇದ್ದ ಹಾಗೆ.

ವಿಮಾನ ಇಳಿದ ಮೇಲೆ ಕೌಂಟರಿನಲ್ಲಿ ವೀಸಾ ಪಡೆಯುವ ಸೌಲಭ್ಯ ಇರುವುದು ಜಪಾನ್, ದಕ್ಷಿಣ ಕೊರಿಯಾ, ಯುಎಇ ಪ್ರಜೆಗಳಿಗೆ ಮಾತ್ರ. ಯುಎಇಯವರು ಈ ಹಿಂದೆ ಭಾರತದ ವೀಸಾ ಪಡೆದಿರಲೇಬೇಕು. ಈ ವೀಸಾ 60 ದಿನದ್ದು. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ನಿಲ್ದಾಣಗಳಲ್ಲಿ ಸಿಗುತ್ತದೆ. ದುಬೈಯಲ್ಲಿ ಕೆಲಸ ಮಾಡುವ ಬೇರೆ ದೇಶದವರಿಗೆ ಇದು ಅನ್ವಯಿಸದು. ಇಲ್ಲಿ ನೋಡುವುದು ಪಾಸ್‌ಪೋರ್ಟನ್ನು, ವಾಸದ ಊರನ್ನಲ್ಲ.

ಪಾಕಿಸ್ತಾನದ ಪಾಸ್‌ಪೋರ್ಟ್ ಇದ್ದವರು ಮತ್ತು ಪಾಕಿಸ್ತಾನ ಮೂಲದವರು ಇ-ವೀಸಾಕ್ಕೆ, ಅಂದರೆ ಆನ್‌ಲೈನಿನಲ್ಲೇ ಪಡೆಯುವ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. ಪಾಕಿಸ್ತಾನದ ಪ್ರಜೆಗಳಿಗೆ ವೀಸಾ ಕೊಡುವುದನ್ನು ಭಾರತ 2025ರ ಏಪ್ರಿಲ್‌ನಲ್ಲಿ ಸ್ಥಗಿತಗೊಳಿಸಿದೆ; ಉಳಿದವರು ಭಾರತದ ರಾಯಭಾರ ಕಚೇರಿಯ ಮೂಲಕವೇ ಬರಬೇಕು. ಬ್ರಿಟಿಷ್ ಅಥವಾ ಅಮೆರಿಕನ್ ಪಾಸ್‌ಪೋರ್ಟ್ ಇದ್ದರೂ ತಂದೆ-ತಾಯಿ ಅಥವಾ ಅಜ್ಜ-ಅಜ್ಜಿ ಅಲ್ಲಿಯವರಾಗಿದ್ದರೆ ಇದೇ ದಾರಿ. ಅರ್ಜಿಯಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತಾರೆ.

ಮದುವೆಗೆ ಬರುವ ಗೆಳೆಯರಿಗೆ ಯಾವ ವೀಸಾ?

ಇ-ಟೂರಿಸ್ಟ್ ವೀಸಾ ಸಾಕು. ಗೆಳೆಯರನ್ನು, ಬಂಧುಗಳನ್ನು ಕಾಣಲು ಬರುವುದೂ ಅದರಲ್ಲೇ ಸೇರುತ್ತದೆ. ಇದರಲ್ಲಿ ಮೂರು ಬಗೆ: 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು. 30 ದಿನದ ವೀಸಾದಲ್ಲಿ ಎರಡು ಸಲ ಒಳಗೆ ಬರಬಹುದು. ಉಳಿದೆರಡರಲ್ಲಿ ಎಷ್ಟು ಸಲವಾದರೂ ಬರಬಹುದು. ಬಹಳಷ್ಟು ದೇಶದವರಿಗೆ 30 ದಿನದ್ದಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗೆ 10 ಡಾಲರ್, ಉಳಿದ ತಿಂಗಳಲ್ಲಿ 25 ಡಾಲರ್. ವರ್ಷದ್ದಕ್ಕೆ 40, ಐದು ವರ್ಷದ್ದಕ್ಕೆ 80 ಡಾಲರ್. ಇದರ ಮೇಲೆ ಬ್ಯಾಂಕ್ ಶುಲ್ಕ ಬೀಳುತ್ತದೆ. ದೇಶವಾರು ಪಟ್ಟಿ ಅರ್ಜಿಯ ವೆಬ್‌ಸೈಟಿನಲ್ಲೇ ಇದೆ. ಅರ್ಜಿ ತಿರಸ್ಕಾರವಾದರೂ ಹಣ ವಾಪಸ್ ಬರುವುದಿಲ್ಲ.

ನಮ್ಮನ್ನು ಕೇಳಿದರೆ, ಮೊದಲ ಸಲ ಬರುವವರಿಗೂ ಒಂದು ವರ್ಷದ್ದೇ ಲೇಸು. ಮದುವೆ ಮುಗಿಸಿ ಶ್ರೀಲಂಕಾಕ್ಕೋ ನೇಪಾಳಕ್ಕೋ ಹೋಗಿ ಮರಳುವ ಯೋಚನೆ ಬಂದರೆ ಎರಡು ಪ್ರವೇಶದ ಲೆಕ್ಕ ಇಟ್ಟುಕೊಂಡು ಕೂರಬೇಕಾಗಿಲ್ಲ. ಅಲ್ಲದೆ 30 ದಿನದ ವೀಸಾಕ್ಕೆ ಬರುವ ದಿನಕ್ಕಿಂತ 30 ದಿನ ಮೊದಲಷ್ಟೇ ಅರ್ಜಿ ತೆರೆಯುತ್ತದೆ. ಉಳಿದ ಎರಡಕ್ಕೆ 120 ದಿನ ಮೊದಲೇ ಹಾಕಬಹುದು. ಎಲ್ಲದಕ್ಕೂ ಕಡೇ ಪಕ್ಷ ನಾಲ್ಕು ದಿನ ಮುಂಚೆ ಅರ್ಜಿ ಹೋಗಿರಬೇಕು. ನಾಲ್ಕೇ ದಿನ ಇಟ್ಟುಕೊಂಡರೆ ಫೋಟೊ ಸರಿಯಿಲ್ಲ ಎಂದು ಅರ್ಜಿ ಮರಳಿದಾಗ ತಿದ್ದಲು ಹೊತ್ತು ಉಳಿಯದು. ಎರಡು ವಾರ ಇರಲಿ.

ಐದು ವರ್ಷದ ವೀಸಾ ಎಂದರೆ ಐದು ವರ್ಷ ಇಲ್ಲೇ ಇರಬಹುದು ಎಂದಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಮೀರುವಂತಿಲ್ಲ. ಕೆಲವು ದೇಶದವರಿಗೆ ಒಂದೊಂದು ಭೇಟಿಗೆ 90 ದಿನದ ಮಿತಿಯನ್ನೂ ಹಾಕಿರುತ್ತಾರೆ. ಕೈಗೆ ಬಂದ ಪತ್ರದಲ್ಲಿ ಏನಿದೆಯೋ ಅದೇ ಅಂತಿಮ.

ಅರ್ಜಿ ಹಾಕಲು ಏನೇನು ಸಿದ್ಧ ಇರಬೇಕು?

ಪಾಸ್‌ಪೋರ್ಟ್: ಭಾರತಕ್ಕೆ ಬಂದಿಳಿಯುವ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು, ಮುದ್ರೆ ಒತ್ತಲು ಎರಡು ಖಾಲಿ ಪುಟ ಇರಬೇಕು. ಫೋಟೊ ಇರುವ ಪುಟವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್, 10 ಕೆಬಿಯಿಂದ 300 ಕೆಬಿ ಒಳಗೆ. ಚೌಕಾಕಾರದ ಫೋಟೊ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದೆ, ಜೆಪೆಗ್ ಕಡತ, 10 ಕೆಬಿಯಿಂದ 1 ಎಂಬಿ. ವ್ಯವಹಾರದ ವೀಸಾ ಆದರೆ ವಿಸಿಟಿಂಗ್ ಕಾರ್ಡ್ ಕೂಡ. ಚಿಕಿತ್ಸೆಗೆ ಆದರೆ ಇಲ್ಲಿನ ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ ಬರೆದ ಪತ್ರ.

ಇನ್ನು ನೀವು ಕೊಡಬೇಕಾದ್ದು. ನಿಮ್ಮ ಪೂರ್ತಿ ಹೆಸರು, ಮನೆ ನಂಬರ್, ಓಣಿ ಅಥವಾ ಬಡಾವಣೆ, ಊರು, ಜಿಲ್ಲೆ, ಪಿನ್‌ಕೋಡ್, ಯಾರಾದರೂ ಎತ್ತುವಂಥ ಮೊಬೈಲ್ ನಂಬರ್. ಇದನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ, ಇಂಗ್ಲಿಷಿನಲ್ಲಿ ಬರೆದು ವಾಟ್ಸ್ಆ್ಯಪ್ ಮಾಡಿ. ಹುಬ್ಬಳ್ಳಿ ಜಿಲ್ಲೆಯಲ್ಲ, ಅದರ ಜಿಲ್ಲೆ ಧಾರವಾಡ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಇನ್ನು ಗದಗ, ಹಾವೇರಿ 1997ರಲ್ಲೇ ಬೇರೆ ಜಿಲ್ಲೆಗಳಾದರೂ ಹಳೆಯ ರೂಢಿಯಂತೆ ಇಂದಿಗೂ ಜಿ. ಧಾರವಾಡ ಎಂದು ಬರೆದು ಕಳಿಸುವ ಹಿರಿಯರಿದ್ದಾರೆ.

ಅರ್ಜಿ ಎಲ್ಲಿ ಕೆಡುತ್ತದೆ?

ಮೊದಲನೆಯದು, ವೆಬ್‌ಸೈಟ್. ಸರಕಾರದ ತಾಣದ ವಿಳಾಸ ‘ಇಂಡಿಯನ್‌ವೀಸಾಆನ್‌ಲೈನ್’ ಎಂದು ಶುರುವಾಗಿ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಕಾಣುವ ಜಾಹೀರಾತುಗಳಲ್ಲಿ ಅದೇ ಚೆಹರೆಯ ಖಾಸಗಿ ತಾಣಗಳಿರುತ್ತವೆ. ಕೆಲವು ದುಪ್ಪಟ್ಟು ಮುಪ್ಪಟ್ಟು ಹಣ ಪಡೆದು ಅದೇ ಅರ್ಜಿ ತುಂಬುತ್ತವೆ, ಕೆಲವು ಅದನ್ನೂ ಮಾಡುವುದಿಲ್ಲ. ಕೊಂಡಿಯನ್ನು ನೀವೇ ಕಳಿಸಿಬಿಡಿ.

ಎರಡನೆಯದು, ಹೆಸರು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು, ನಡುವಿನ ಹೆಸರನ್ನೂ ಬಿಡಬಾರದು. ಪಾಸ್‌ಪೋರ್ಟ್ ನಂಬರಿನಲ್ಲಿ ಸೊನ್ನೆ ಮತ್ತು ‘ಒ’ ಅಕ್ಷರ ಅದಲು ಬದಲಾಗುವುದು ತೀರ ಸಾಮಾನ್ಯ. ಒಂದೇ ಅಕ್ಷರ ತಪ್ಪಿದರೂ ಚೆಕ್-ಇನ್ ಕೌಂಟರಿನಲ್ಲೇ ತಡೆಯಬಹುದು. ಮಂಜೂರಾದ ಪತ್ರದಲ್ಲಿ ಕೈಯಿಂದ ತಿದ್ದುವ ಹಾದಿ ಇಲ್ಲ, ಹೊಸ ಅರ್ಜಿಯೇ ಗತಿ.

ಮೂರನೆಯದು, ತಾರೀಕು. ನಮ್ಮ ಅರ್ಜಿಯಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದವರಿಗೆ ತಿಂಗಳು ಮೊದಲು ಬರೆದು ರೂಢಿ. ಹೀಗಾಗಿ ಮಾರ್ಚ್ 4 ಏಪ್ರಿಲ್ 3 ಆಗುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದರೆ ಕಂಪ್ಯೂಟರೇ ಒಪ್ಪುವುದಿಲ್ಲ. ಕಡಿಮೆ ಇದ್ದರೆ ಸುಮ್ಮನೆ ಒಪ್ಪಿಬಿಡುತ್ತದೆ, ಅದೇ ಅಪಾಯ.

ಹಣ ಕಟ್ಟುವಾಗ ಕಾರ್ಡ್ ಕೈಕೊಟ್ಟರೆ ತಕ್ಷಣ ಇನ್ನೊಂದು ಸಲ ಒತ್ತಬೇಡಿ ಎಂದು ಹೇಳಿ. ಪಾವತಿ ಆಗಿದೆಯೋ ಇಲ್ಲವೋ ಎಂಬುದು ದಾಖಲಾಗಲು ಎರಡು ತಾಸು ಹಿಡಿಯಬಹುದು. ತಾತ್ಕಾಲಿಕ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ ನಿಂತಲ್ಲಿಂದಲೇ ಮುಂದುವರಿಸಬಹುದು.

‘ಅವಧಿ ಮುಕ್ತಾಯ’ ಎಂದು ಬರೆದ ತಾರೀಕಿನೊಳಗೆ ಭಾರತ ಬಿಡಬೇಕೇ?

30 ದಿನದ ವೀಸಾದಲ್ಲಿ ಆ ತಾರೀಕು ಒಳಗೆ ಬರಲು ಇರುವ ಕೊನೆಯ ದಿನ. ಅವರ 30 ದಿನ ಎಣಿಕೆಯಾಗುವುದು ಭಾರತದಲ್ಲಿ ಇಳಿದ ದಿನದಿಂದ. ಒಂದು ಮತ್ತು ಐದು ವರ್ಷದ ವೀಸಾಗಳ ಲೆಕ್ಕ ಬೇರೆ, ಅವು ಮಂಜೂರಾದ ದಿನದಿಂದಲೇ ಓಡಲು ಶುರುವಾಗುತ್ತವೆ.

ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೇ ನೇರವಾಗಿ ಬರಬಹುದೇ?

ಆಗದು. ಹುಬ್ಬಳ್ಳಿಗೆ ಬರುವುದು ದೇಶದೊಳಗಿನ ವಿಮಾನಗಳು. ಇ-ವೀಸಾದವರು ಗೊತ್ತುಪಡಿಸಿದ ನಿಲ್ದಾಣ, ಬಂದರುಗಳಲ್ಲೇ ಪ್ರವೇಶಿಸಬೇಕು. ನಮಗೆ ಅನುಕೂಲವಾದವು ಬೆಂಗಳೂರು, ಗೋವಾದ ದಾಬೋಳಿ ಮತ್ತು ಮೋಪಾ, ಮಂಗಳೂರು, ಮುಂಬೈ, ಹೈದರಾಬಾದ್. ಬೆರಳಚ್ಚು, ಮುಖದ ಚಿತ್ರ ತೆಗೆಯುವುದು, ಮುದ್ರೆ ಒತ್ತುವುದು ಮೊದಲು ಇಳಿದ ಊರಿನಲ್ಲೇ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಇಳಿದು ಹುಬ್ಬಳ್ಳಿಯ ವಿಮಾನ ಹಿಡಿಯುವವರು ನಡುವೆ ಕನಿಷ್ಠ ನಾಲ್ಕು ತಾಸು ಬಿಡಲಿ. ಇಮಿಗ್ರೇಶನ್ ಸಾಲು, ಸಾಮಾನು, ಕಸ್ಟಮ್ಸ್, ಮತ್ತೆ ಚೆಕ್-ಇನ್, ಎಲ್ಲ ಅದರಲ್ಲಿ ಹಿಡಿಯಬೇಕು. ವಂದೇ ಭಾರತ್ ಹಿಡಿಯುವವರು ವಿಮಾನ ನಿಲ್ದಾಣದಿಂದ ನಗರದೊಳಗಿನ ರೈಲು ನಿಲ್ದಾಣಕ್ಕೆ ಬೇಕಾಗುವ ಹೊತ್ತನ್ನೂ ಲೆಕ್ಕ ಹಾಕಬೇಕು. ಗೋವಾಕ್ಕೆ ಕಾರು ಕಳಿಸುವುದಾದರೆ, ಮಳೆಗಾಲದಲ್ಲಿ ಅನಮೋಡ ಘಾಟ್ ಹೇಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹಿಂದಿರುಗುವಾಗ ಬಂದ ನಿಲ್ದಾಣದಿಂದಲೇ ಹೋಗಬೇಕೆಂದಿಲ್ಲ.

ಇ-ಅರೈವಲ್ ಕಾರ್ಡ್ ಎಂದರೆ ಅದೂ ವೀಸಾವೇ?

ಅಲ್ಲ. ವಿಮಾನದಲ್ಲಿ ಕೊಡುತ್ತಿದ್ದ ಕಾಗದದ ಚೀಟಿಯ ಬದಲು 2025ರ ಅಕ್ಟೋಬರ್ 1ರಿಂದ ಬಂದ ಆನ್‌ಲೈನ್ ಫಾರ್ಮ್ ಅದು. ಬಂದಿಳಿಯುವ ಮುನ್ನ 72 ತಾಸಿನೊಳಗೆ ತುಂಬಬೇಕು. ಉಚಿತ. ಇದಕ್ಕೆ ದುಡ್ಡು ಕೇಳಿದರೆ ಅದು ಸರಕಾರದ ತಾಣವಲ್ಲ ಎಂದೇ ತಿಳಿಯಿರಿ.

ಧಾರವಾಡದಲ್ಲಿ ಸಂಗೀತ ಕಲಿಯಲು ಬರುವವರಿಗೆ ಟೂರಿಸ್ಟ್ ವೀಸಾ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಭಾಷೆ, ಸಂಗೀತ, ನೃತ್ಯ, ಕರಕುಶಲ, ಅಡುಗೆ ಇಂಥವನ್ನು ಆರು ತಿಂಗಳೊಳಗೆ ಕಲಿತು ಹೋಗಬಹುದು. ಅದು ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರ ಇರುವ ಕೋರ್ಸ್ ಆಗಿರಬಾರದು. ಗುರುಗಳ ಮನೆಗೆ ಹೋಗಿ ಮೂರು ತಿಂಗಳು ಯಮನ್ ರಾಗದ ಪಾಠ ಹೇಳಿಸಿಕೊಂಡರೆ ತಕರಾರಿಲ್ಲ. ಅದೇ ವ್ಯಕ್ತಿ ವಿಶ್ವವಿದ್ಯಾಲಯದಲ್ಲಿ ಡಿಪ್ಲೊಮಾಗೆ ಹೆಸರು ಹಚ್ಚಿದರೆ ಸ್ಟೂಡೆಂಟ್ ವೀಸಾ ಬೇಕು. ಇಲ್ಲಿಗೆ ಬಂದ ಮೇಲೆ ಟೂರಿಸ್ಟ್ ವೀಸಾವನ್ನು ಸ್ಟೂಡೆಂಟ್ ವೀಸಾ ಮಾಡಿಸಿಕೊಳ್ಳಲು ಆಗುವುದಿಲ್ಲ, ವಾಪಸ್ ಹೋಗಿ ಹೊಸದಾಗಿ ಬರಬೇಕು. ಸಂಗೀತ ಆರು ತಿಂಗಳಲ್ಲಿ ಮುಗಿಯುವ ವಿದ್ಯೆಯಲ್ಲ. ವರ್ಷಗಟ್ಟಲೆ ಕಲಿಯುವ ಮನಸ್ಸಿದ್ದವರು ಮೊದಲೇ ಅದಕ್ಕೆ ತಕ್ಕ ವೀಸಾ ಪಡೆಯುವುದು ಒಳ್ಳೆಯದು.

ಸಂಬಳವಿಲ್ಲದ ಸೇವೆಗೂ ಇದೇ ವೀಸಾದಲ್ಲಿ ಒಂದು ತಿಂಗಳವರೆಗೆ ಅವಕಾಶವಿದೆ. ಸಂಶೋಧನೆ, ಪತ್ರಿಕಾ ವರದಿ, ಸಾಕ್ಷ್ಯಚಿತ್ರ, ಧರ್ಮಪ್ರಚಾರ ಯಾವುದೂ ಟೂರಿಸ್ಟ್ ವೀಸಾದಲ್ಲಿ ಇಲ್ಲ. ಲಕ್ಕುಂಡಿಯ ಗುಡಿ ನೋಡಿ ಫೋಟೊ ತೆಗೆಯುವುದು ಬೇರೆ, ಅದರ ಮೇಲೆ ಪಿಎಚ್‌ಡಿ ಮಾಹಿತಿ ಕಲೆಹಾಕುವುದು ಬೇರೆ. ಕಾಲೇಜಿನ ವಿಚಾರಸಂಕಿರಣಕ್ಕೆ ಬರುವವರಿಗೆ ಇ-ಕಾನ್ಫರೆನ್ಸ್ ವೀಸಾ ಇದೆ. ಅದಕ್ಕೆ ಸಂಘಟಕರ ಆಹ್ವಾನದ ಜೊತೆ ಕೇಂದ್ರದ ಅನುಮತಿಯೂ ಬೇಕಾಗುವುದರಿಂದ ಕಾಲೇಜಿನವರು ತಿಂಗಳುಗಳ ಮೊದಲೇ ಓಡಾಡಬೇಕು.

ಮಗಳು-ಅಳಿಯ ಭಾರತೀಯರೇ, ಮೊಮ್ಮಗು ಹುಟ್ಟಿದ್ದು ಅಮೆರಿಕದಲ್ಲಿ. ಮಗುವಿಗೂ ವೀಸಾ ಬೇಕೇ?

ಮಗುವಿನ ಕೈಯಲ್ಲಿ ಅಮೆರಿಕನ್ ಪಾಸ್‌ಪೋರ್ಟ್ ಇದ್ದರೆ ಬೇಕು, ಮೂರು ತಿಂಗಳ ಕೂಸಾದರೂ. ತಂದೆ-ತಾಯಿಯ ಪಾಸ್‌ಪೋರ್ಟಿನ ಆಸರೆಯಲ್ಲಿ ಬರಲು ಆಗದು. ಒಸಿಐಗೆ ವಾರಗಟ್ಟಲೆ ಕಾಯಬೇಕಾಗಬಹುದು. ಜವಳ, ನಾಮಕರಣಕ್ಕೆ ದಿನ ಗೊತ್ತಾಗಿದ್ದರೆ ಸದ್ಯಕ್ಕೆ ಇ-ವೀಸಾ ಮಾಡಿಸಿ ಬರುವುದು ಜಾಣತನ. ಆದರೆ ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿಂದಲೇ ಒಸಿಐಗೆ ಅರ್ಜಿ ಹಾಕುವ ಲೆಕ್ಕಾಚಾರ ಬೇಡ, ಅದನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿಯೇ ಹಾಕಿ ಬರಬೇಕು, ಇಲ್ಲವೇ ರಾಯಭಾರ ಕಚೇರಿಯಿಂದ ಎಂಟ್ರಿ ವೀಸಾ (ಭಾರತ ಮೂಲದವರಿಗೆ, ಭಾರತೀಯರ ಸಂಗಾತಿ-ಮಕ್ಕಳಿಗೆ ಕೊಡುವ ವೀಸಾ) ಪಡೆದು ಬರಬೇಕು.

ವಿದೇಶಿ ಸೊಸೆ ಅಥವಾ ಅಳಿಯನಿಗೆ ಒಸಿಐ ಸಿಗುವುದು ಮದುವೆ ನೋಂದಣಿಯಾಗಿ ಸತತ ಎರಡು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಎಂಟ್ರಿ ವೀಸಾ, ಇಲ್ಲವೇ ಟೂರಿಸ್ಟ್ ವೀಸಾ.

ನಮ್ಮ ಸ್ವಂತ ಮನೆಯಲ್ಲಿ ಉಳಿಸಿಕೊಂಡರೂ ಸಿ ಫಾರ್ಮ್ ತುಂಬಬೇಕೇ?

ತುಂಬಬೇಕು. ವಿದೇಶಿ ಅತಿಥಿ ಬಂದು ಉಳಿದಿದ್ದನ್ನು ಸರಕಾರಕ್ಕೆ ತಿಳಿಸುವ ಫಾರ್ಮ್ ಇದು. ಲಾಡ್ಜಿನವರ ಕೆಲಸ ಅದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹೋಟೆಲ್, ಹೋಮ್‌ಸ್ಟೇ, ಹಾಸ್ಟೆಲ್, ಮಠ, ಆಶ್ರಮ, ಆಸ್ಪತ್ರೆ, ಖಾಸಗಿ ಮನೆ, ಹಣ ಪಡೆಯಲಿ ಬಿಡಲಿ, ವಿದೇಶಿಯರನ್ನು ಉಳಿಸಿಕೊಂಡ ಪ್ರತಿಯೊಬ್ಬರೂ 24 ತಾಸಿನೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ; ಈ ಹೊಣೆ ಅದರಲ್ಲೂ ಮುಂದುವರಿದಿದೆ. ಜನರ ಬಾಯಲ್ಲಿ ಇವತ್ತಿಗೂ ಅದು ಸಿ ಫಾರ್ಮೇ.

ಇಲ್ಲಿ ಜನ ಸಿಕ್ಕಿಬೀಳುವುದು ಲಾಗಿನ್‌ನಲ್ಲಿ. ಸಿ ಫಾರ್ಮ್ ತಾಣದಲ್ಲಿ ಮೊದಲು ಮನೆಯ ವಿಳಾಸ, ಮಾಲೀಕರ ಗುರುತಿನ ವಿವರ ಕೊಟ್ಟು ಖಾತೆ ತೆರೆಯಬೇಕು. ಅದಕ್ಕೆ ವಿದೇಶಿಯರ ನೋಂದಣಿ ಅಧಿಕಾರಿಯ ಒಪ್ಪಿಗೆ ಬೀಳಬೇಕು. ಅವಳಿ ನಗರದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಧಾರವಾಡದ ಗ್ರಾಮೀಣ ಭಾಗದವರು ಮತ್ತು ಗದಗ, ಹಾವೇರಿಯವರು ತಮ್ಮ ಜಿಲ್ಲಾ ಎಸ್‌ಪಿ ಕಚೇರಿಯಲ್ಲಿ ವಿಚಾರಿಸಬೇಕು. ಅತಿಥಿ ರಾತ್ರಿ ಹನ್ನೊಂದಕ್ಕೆ ಬಂದ ಮೇಲೆ ಖಾತೆ ತೆರೆಯಲು ಕೂತರೆ 24 ತಾಸು ಹಾಗೇ ಕರಗುತ್ತದೆ. ಟಿಕೆಟ್ ಖಾತ್ರಿಯಾದ ವಾರವೇ ಖಾತೆ ತೆರೆದಿಡಿ.

ಫಾರ್ಮಿಗೆ ಬೇಕಾಗುವುದು: ಪಾಸ್‌ಪೋರ್ಟ್ ಸಂಖ್ಯೆ, ಅದು ಎಲ್ಲಿ ಯಾವಾಗ ಕೊಟ್ಟಿದ್ದು, ವೀಸಾ ಸಂಖ್ಯೆ ಮತ್ತು ಬಗೆ, ಭಾರತಕ್ಕೆ ಬಂದ ದಿನ, ನಿಮ್ಮ ಮನೆಗೆ ಬಂದ ದಿನ ಮತ್ತು ಹೊತ್ತು, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ, ಮತ್ತು ಅವರ ಒಂದು ಫೋಟೊ. ಪಾಸ್‌ಪೋರ್ಟ್, ವೀಸಾ, ಬಂದ ಮುದ್ರೆಯ ಪುಟ ಮೂರರ ಫೋಟೊ ತೆಗೆದಿಟ್ಟುಕೊಂಡರೆ ಇಪ್ಪತ್ತು ನಿಮಿಷದ ಕೆಲಸ. ಸಲ್ಲಿಸಿದ ಪ್ರತಿಯನ್ನು ಪಿಡಿಎಫ್ ಮಾಡಿ ಅತಿಥಿಗೂ ಕೊಡಿ. ಮುಂದೆ ವೀಸಾ ಸಂಬಂಧ ಯಾವ ಅರ್ಜಿ ಹಾಕಿದರೂ ವಾಸದ ಪುರಾವೆಯಾಗಿ ಅದನ್ನೇ ಕೇಳುತ್ತಾರೆ. ಹೊರಟ ದಿನವನ್ನೂ ಬರೆದಿಡಿ.

ಅವರು ಬಾದಾಮಿ, ಹಂಪಿ ನೋಡಲು ಎರಡು ದಿನ ಹೋಗಿ ಲಾಡ್ಜಿನಲ್ಲಿ ಉಳಿದರೆ ಅಲ್ಲಿಯವರು ತಮ್ಮ ಫಾರ್ಮ್ ತುಂಬುತ್ತಾರೆ. ಮರಳಿ ನಿಮ್ಮಲ್ಲಿಗೆ ಬಂದಾಗ ನೀವು ಮತ್ತೊಮ್ಮೆ. ಬೇಸರದ ಕೆಲಸವೇ, ಆದರೂ ಮಾಡಿ.

ಪೊಲೀಸ್ ನೋಂದಣಿ ಎಂದರೆ ಇದೇನಾ?

ಅದು ಬೇರೆ. ಸಿ ಫಾರ್ಮ್ ನಿಮ್ಮ ಹೊಣೆ. ನೋಂದಣಿ ವಿದೇಶಿಯರ ಹೊಣೆ. 180 ದಿನಕ್ಕಿಂತ ಹೆಚ್ಚಿನ ಸ್ಟೂಡೆಂಟ್, ಎಂಪ್ಲಾಯ್‌ಮೆಂಟ್, ರಿಸರ್ಚ್ ವೀಸಾದಲ್ಲಿ ಬಂದವರು 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ ಆನ್‌ಲೈನ್ ತಾಣದಲ್ಲಿ ನೋಂದಾಯಿಸಬೇಕು. ಕರೆ ಬಂದರೆ ಹೊರತು ಕಚೇರಿಗೆ ಹೋಗಬೇಕಿಲ್ಲ. ಟೂರಿಸ್ಟ್ ವೀಸಾದಲ್ಲಿ 180 ದಿನದೊಳಗೆ ಹೋಗುವವರಿಗೆ, ಒಸಿಐ ಇದ್ದವರಿಗೆ ಇದು ಬೇಡ.

ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಗೆ ಕರೆದುಕೊಂಡು ಹೋಗಬಹುದೇ?

ಹುಬ್ಬಳ್ಳಿಯಿಂದ ಸುಮಾರು 45 ಕಿ.ಮೀ., ನಮಗಾದರೆ ಭಾನುವಾರದ ಪಿಕ್‌ನಿಕ್. ವಿದೇಶಿ ಪಾಸ್‌ಪೋರ್ಟಿನವರಿಗೆ ಹಾಗಲ್ಲ. ಬೈಲಕುಪ್ಪೆಯಂತೆ ಮುಂಡಗೋಡಿನ ನೆಲೆಗೂ ಸಂರಕ್ಷಿತ ಪ್ರದೇಶದ ಪರವಾನಗಿ, ಅಂದರೆ ಪಿಎಪಿ ಬೇಕು. ವೀಸಾ ಇದ್ದ ಮಾತ್ರಕ್ಕೆ ಅದು ಸಿಕ್ಕಂತಲ್ಲ; ಕೇಂದ್ರ ಗೃಹ ಇಲಾಖೆಯ ಒಪ್ಪಿಗೆ ಬರಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಡ್ರೆಪುಂಗ್, ಗಾಂದೆನ್ ಮಠಗಳನ್ನು ನೋಡುವ ಆಸೆ ಇದ್ದವರು ಟಿಕೆಟ್ ತೆಗೆಯುವ ಮೊದಲೇ ಅರ್ಜಿ ಹಾಕಲಿ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಕೈಬಿಡುವುದೇ ಸರಿ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಇಂಥ ಕಟ್ಟಳೆ ಇಲ್ಲ, ಅದೂ ಅದೇ ದಿಕ್ಕಿಗಿದೆ.

ಸಾಮಾನಿನಲ್ಲಿ ಏನು ತರಬಾರದು?

ಸ್ಯಾಟಲೈಟ್ ಫೋನ್, ಎಲ್ಲಕ್ಕಿಂತ ಮೊದಲು ಇದು. ಪರವಾನಗಿ ಇಲ್ಲದೆ ತಂದರೆ ಬಂಧನದವರೆಗೂ ಹೋಗುತ್ತದೆ. ಚಾರಣ ಹೋಗುವವರು ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಉಪಗ್ರಹ ಸಂದೇಶದ ಚಿಕ್ಕ ಉಪಕರಣವೂ ಇದರಲ್ಲೇ ಬರುತ್ತದೆ, ಅದು ಅವರ ಗಮನದಲ್ಲೇ ಇರುವುದಿಲ್ಲ. ಇ-ಸಿಗರೇಟ್ 2019ರಿಂದ ನಿಷೇಧ. ಡ್ರೋನ್ ಬೇಡ. ಮದ್ಯ ಎರಡು ಲೀಟರ್‌ವರೆಗೆ ಸುಂಕವಿಲ್ಲ. ನೋಟುಗಳೇ 5,000 ಡಾಲರ್ ಮೀರಿದರೆ, ಅಥವಾ ನೋಟು, ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.

ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಂದ ಅಥವಾ ಅವುಗಳ ಮೂಲಕ ಬರುವವರು ಲಸಿಕೆಯ ಪ್ರಮಾಣಪತ್ರ ತರಬೇಕು, ಲಸಿಕೆ ಹಾಕಿಸಿ ಹತ್ತು ದಿನ ಕಳೆದಿರಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಅಕ್ಷತೆ ಬಿದ್ದು ಮುಗಿದ ಮೇಲೆ ಮದುವೆ ಮನೆ ಮುಟ್ಟಬೇಕಾಗುತ್ತದೆ.

ವೀಸಾ ಮುಗಿಯುವ ಹೊತ್ತಿಗೆ ಅತಿಥಿ ಆಸ್ಪತ್ರೆಗೆ ಸೇರಿದರೆ?

30 ದಿನದ ಇ-ಟೂರಿಸ್ಟ್ ವೀಸಾವನ್ನು ಮಾಮೂಲಾಗಿ ವಿಸ್ತರಿಸುವುದಿಲ್ಲ. ನಿಜವಾದ ತುರ್ತಿದ್ದರೆ ಅವಧಿ ಮುಗಿಯುವ ಮುನ್ನವೇ ಆಸ್ಪತ್ರೆಯ ಪತ್ರ, ಸಿ ಫಾರ್ಮ್, ಟಿಕೆಟ್ ಸಮೇತ ಇ-ಎಫ್‌ಆರ್‌ಆರ್‌ಒದಲ್ಲಿ ಅರ್ಜಿ ಹಾಕಬೇಕು. ಅವಧಿ ಮೀರಿ ಉಳಿದರೆ ಹೊಸ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಾಲ್ಕು ದಿನ ತಾನೆ, ಯಾರು ಕೇಳುತ್ತಾರೆ ಎಂಬ ಮಾತು ಬೇಡ. ಹೊರಹೋಗುವಾಗ ಇಮಿಗ್ರೇಶನ್ ಕಂಪ್ಯೂಟರ್ ಕೇಳುತ್ತದೆ, ಎಕ್ಸಿಟ್ ಪರ್ಮಿಟ್, ಅಂದರೆ ದೇಶ ಬಿಟ್ಟು ಹೋಗುವ ಅನುಮತಿ ಇಲ್ಲದೆ ವಿಮಾನ ಹತ್ತಲು ಬಿಡದೆ ಹೋಗಬಹುದು.

ಪಾಸ್‌ಪೋರ್ಟ್ ಹೊಸದಾಗಿದೆ, ಐದು ವರ್ಷದ ಇ-ವೀಸಾ ಹಳೆಯದರ ಮೇಲಿದೆ.

ಎರಡನ್ನೂ ತಂದರೆ ಪ್ರವೇಶ ಸಿಗುತ್ತದೆ. ಹಳೆಯದನ್ನು ಮನೆಯಲ್ಲಿ ಬಿಟ್ಟು ಬಂದರೆ ಇಲ್ಲ.

ಇಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ?

ಕಳೆದ ಜಾಗದ ವ್ಯಾಪ್ತಿಯ ಠಾಣೆಯಲ್ಲಿ ಅಂದೇ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ. ಆಮೇಲೆ ಅವರ ದೇಶದ ದೂತಾವಾಸ: ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಆಸ್ಟ್ರೇಲಿಯಾದ ಕಚೇರಿಗಳು ಬೆಂಗಳೂರಿನಲ್ಲಿವೆ. ಕರ್ನಾಟಕದಲ್ಲಿರುವ ಅಮೆರಿಕನ್ ಪ್ರಜೆಗಳ ಪಾಸ್‌ಪೋರ್ಟ್ ಕೆಲಸವನ್ನು ಚೆನ್ನೈ ದೂತಾವಾಸ ನೋಡಿಕೊಳ್ಳುತ್ತ ಬಂದಿದೆ. ತಾತ್ಕಾಲಿಕ ಪಾಸ್‌ಪೋರ್ಟ್ ಕೈಗೆ ಬಂತೆಂದು ನೇರ ವಿಮಾನ ನಿಲ್ದಾಣಕ್ಕೆ ಹೋಗುವಂತಿಲ್ಲ. ಅದರಲ್ಲಿ ಭಾರತಕ್ಕೆ ಬಂದ ಮುದ್ರೆಯಾಗಲಿ ವೀಸಾವಾಗಲಿ ಇರುವುದಿಲ್ಲವಲ್ಲ. ಇ-ಎಫ್‌ಆರ್‌ಆರ್‌ಒದಲ್ಲಿ ಎಕ್ಸಿಟ್ ಪರ್ಮಿಟ್ ಪಡೆಯಬೇಕು. ದೂರಿನ ಪ್ರತಿ, ಹೊಸ ಪಾಸ್‌ಪೋರ್ಟ್, ಹಳೆಯದರ ಮತ್ತು ವೀಸಾದ ಫೋಟೊ, ನಿಮ್ಮ ಸಿ ಫಾರ್ಮ್, ಟಿಕೆಟ್ ಇಷ್ಟನ್ನೂ ಅಲ್ಲಿ ಏರಿಸಬೇಕು. ಬಂದ ದಿನ ಸಿ ಫಾರ್ಮಿಗೆಂದು ತೆಗೆದ ಆ ಮೂರು ಫೋಟೊ ಫೋನಿನಲ್ಲೇ ಇದ್ದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಅವರು ಊರು ಮುಟ್ಟುವವರೆಗೆ ಅಳಿಸಬೇಡಿ.